ಅಪ್‌ಡೇಟ್: ಟವೆಲ್ ಎಸೆಯಲಿಲ್ಲ!

ಹೋದ ತಿಂಗಳು ಕೇಳಿದ್ದೆನಲ್ಲ, ಒಗೆದು ಒಣಗಿಸಿದ ಟವೆಲ್‌ಗಳೂ ಸ್ವಲ್ಪ ಒದ್ದೆಯಾದರೆ ಸಾಕು ಮುಗ್ಗಲು ವಾಸನೆ ಹೊಡೆಯುತ್ತವೆ, ನೀರನ್ನೂ ಹೀರುವುದಿಲ್ಲ, ಎಲ್ಲ ಎಸೆದು ಹೊಸತು ತರಲಾ ಅಂತ. ತಡೆಯಿರಿ ಅಂದವರಿಗೆಲ್ಲ ಥ್ಯಾಂಕ್ಸ್. ಆರರಲ್ಲಿ ಐದು ಉಳಿದವು.

ತಪ್ಪು ನನ್ನದೇ. ವಾಸನೆ ಬಂತು ಅಂತ ಸೋಪಿನ ಪುಡಿ ಜಾಸ್ತಿ ಹಾಕುತ್ತಿದ್ದೆ. ಮೆತ್ತಗಾಗಲಿ ಅಂತ ಫ್ಯಾಬ್ರಿಕ್ ಕಂಡೀಷನರ್ ಬೇರೆ. ಅದು ನೂಲಿನ ಮೇಲೆ ಪದರದ ಹಾಗೆ ಕೂತುಬಿಡುತ್ತದೆ. ಆಮೇಲೆ ನೀರು ಹೀರು ಅಂದರೆ ಟವೆಲ್ ಏನು ಮಾಡೀತು ಪಾಪ! ಪೂರ್ತಿ ಹೋಗದ ಸೋಪಿನಲ್ಲಿ ಕೊಳೆಯೂ ಸೇರಿಕೊಂಡು ವಾಸನೆ ಅಲ್ಲೇ ಉಳಿಯುತ್ತಿತ್ತು.

ಮೊದಲು ಬಕೆಟ್ ಬಿಸಿನೀರಿಗೆ ಒಂದು ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿದೆ. ಆಮೇಲೆ ಚೆನ್ನಾಗಿ ಜಾಲಿಸಿ, ಮೆಷಿನ್‌ನಲ್ಲಿ 60 ಡಿಗ್ರಿಗೆ ಇಟ್ಟು, ಅರ್ಧದಷ್ಟೇ ಪುಡಿ ಹಾಕಿ ಒಗೆದೆ. ನೊರೆ ನೋಡಬೇಕಿತ್ತು ನೀವು, ಪುಡಿ ಹಾಕುವ ಮೊದಲೇ ಬಕೆಟ್ ತುಂಬ ಬಂದಿತ್ತು! ಎರಡು ಸಲ ಹೀಗೆ ಮಾಡಿದ ಮೇಲೆ ವಾಸನೆ ಹೋಯಿತು. ವಿನೆಗರ್ ಜೊತೆ ಬ್ಲೀಚ್ ಮಾತ್ರ ಯಾರೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಈಗ ಕಂಡೀಷನರ್ ಬಂದ್. ಒಗೆದದ್ದನ್ನು ಮೆಷಿನ್‌ನಲ್ಲೇ ರಾತ್ರಿಯಿಡೀ ಬಿಡುವ ನನ್ನ ಚಾಳಿಯೂ ಬಹುಮಟ್ಟಿಗೆ ಬಂದ್. ಒಣಗಿಸುವ ಮುಂಚೆ ಎರಡು ಸಲ ಜೋರಾಗಿ ಕೊಡವುತ್ತೇನೆ, ಅಷ್ಟಕ್ಕೇ ಒರಟುತನ ಎಷ್ಟೋ ಕಡಿಮೆ.

ಆರನೆಯದು? ಅಂಚೆಲ್ಲ ಪಿಸಿದಿತ್ತು. ನಾಲ್ಕು ತುಂಡು ಮಾಡಿದೆ, ಸದ್ಯಕ್ಕೆ ನೆಲ ಒರೆಸುತ್ತಿದೆ.