ಓದುಗರ ಸ್ಪಂದನ: ಓಟ, ಚಿತ್ರ, ಹಂಪಿ – ಯಾವುದನ್ನು ಬಿಡಲಿ?

(ಮಡಿಕೇರಿಯ ಚಿತ್ರ ಕಲಾವಿದೆಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ಜನವರಿಯ ಮೊದಲ ಭಾನುವಾರ ಬೆಂಗಳೂರಿನ ಚಿತ್ರಸಂತೆಯಲ್ಲಿ ಮಳಿಗೆ ಹಾಕಬೇಕು. ಮೂರನೇ ಭಾನುವಾರ ಮುಂಬೈಯಲ್ಲಿ ಮೊದಲ ಪೂರ್ತಿ ಮ್ಯಾರಥಾನ್ ಓಡಬೇಕು. ಡಿಸೆಂಬರ್ ಕೊನೆಯ ವಾರ ಸ್ಕೆಚ್ ಮಾಡಲು ಹಂಪಿಗೆ ಹೋಗುವ ಆಸೆ. ಯಾವುದನ್ನು ಬಿಡಲಿ?)

ಯಾವುದನ್ನೂ ಬಿಡಬೇಡಿ. ಹಂಪಿಯನ್ನು ಮಾತ್ರ ಮುಂದಕ್ಕೆ ಹಾಕಿ.

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು, ಹನ್ನೆರಡು ವರ್ಷದಿಂದ ಓಡುತ್ತಿದ್ದೇನೆ. ನಿಮ್ಮ ಪತ್ರ ಓದಿದ ಕೂಡಲೇ ಕ್ಯಾಲೆಂಡರ್ ನೋಡಿದೆ. ಸಂತೆಗೂ ಓಟಕ್ಕೂ ನಡುವೆ ಎರಡು ವಾರ ಇದೆ. 42.195 ಕಿ.ಮೀ. ಓಡುವವರು ಕೊನೆಯ ಎರಡು ಮೂರು ವಾರ ಹೇಗೂ ಓಟ ಕಡಿಮೆ ಮಾಡುತ್ತಾರೆ, ಕಾಲಿನ ದಣಿವು ಆರಬೇಕಲ್ವಾ? ಹಾಗಾಗಿ ಸಂತೆಯಿಂದ ತಯಾರಿಗೆ ತೊಂದರೆಯಿಲ್ಲ. ಅಡ್ಡ ಬರುವುದು ಹಂಪಿ. ಎಲ್ಲಕ್ಕಿಂತ ಉದ್ದದ ಓಟ, 30-32 ಕಿ.ಮೀ., ಬೀಳುವುದು ಡಿಸೆಂಬರಿನ ಅದೇ ಕೊನೆಯ ವಾರ.

ಆ ಓಟವನ್ನು ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿದು ಮುಗಿಸಬೇಡಿ. ದೂರವೇನೋ 30 ಕಿ.ಮೀ. ಹತ್ತಿರ ಬರುತ್ತದೆ. ಅದನ್ನೇ ನಂಬಿ ನಾನೂ ಓಡಿದ್ದೆ. ಮುನ್ನೂರು ಮೀಟರಿನಷ್ಟು ಇಳಿಜಾರು. ತೊಡೆಯ ಮುಂಭಾಗ ಹಿಡಿದುಕೊಂಡು, ನಾಲ್ಕು ದಿನ ಗೋಡೆ ಹಿಡಿದು ಮೆಟ್ಟಿಲಿಳಿದೆ. ಬಸ್ಸಲ್ಲಿ ಕುಶಾಲನಗರಕ್ಕೆ ಬಂದು ಕೂಡಿಗೆ, ಹೆಬ್ಬಾಲೆ ಕಡೆ ಓಡಿ. ರಸ್ತೆ ಸಮತಟ್ಟು, ಬಿಸಿಲೂ ಸಿಗುತ್ತದೆ. ಮಡಿಕೇರಿಯ ಚಳಿಗೆ ಒಗ್ಗಿದ ಮೈಗೆ ಮುಂಬೈಯ ಸೆಕೆಯೇ ದೊಡ್ಡ ಕಷ್ಟ. ಮುಂಬೈ ಓಟದಲ್ಲಿ ಪೆಡ್ಡರ್ ರೋಡಿನ ಏರಿಗೆ ತುಂಬ ಜನ ಹೆದರುತ್ತಾರೆ. ದಿನಾ ಗುಡ್ಡ ಹತ್ತುವ ನೀವು ಹೆದರಬೇಕಿಲ್ಲ.

ಸಂತೆಗೆ ಮಡಚುವ ಸ್ಟೂಲ್ ಒಯ್ಯಿರಿ. ಸಂತೆ ನಡೆಯುವ ಕುಮಾರಕೃಪಾ ರಸ್ತೆಯಲ್ಲಿ ಇಡೀ ದಿನ ನಿಂತರೆ ಓಡಿದ್ದಕ್ಕಿಂತ ಜಾಸ್ತಿ ಕಾಲು ನೋಯುತ್ತದೆ.

– ಚಿತ್ರಕಲಾ ಶಿಕ್ಷಕ, ಕುಶಾಲನಗರ

ಮಗಳೇ, ಬೆಳಿಗ್ಗೆ ಓಡಿ ಬಂದರೆ ಕುಂಚ ಹಿಡಿಯಲು ಮನಸ್ಸೇ ಬರಲ್ಲ ಅಂತ ಬರೆದಿದ್ದೀಯ. ಓದಿ ಬೇಜಾರಾಯಿತು. ದಿನಾ ಎರಡನ್ನೂ ತೂಗಿಸಲು ಹೋಗಬೇಡ, ವರ್ಷವನ್ನೇ ಹಂಚಿಕೋ. ಈಗ ಮಳೆ ಹಿಡಿದಿದೆ. ನಮ್ಮ ಕಕ್ಕಡ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟ್ ನಡುವಿನವರೆಗೆ, ವಾರಕ್ಕೆ ಮೂರು ಸಣ್ಣ ಓಟ ಸಾಕು, ಉಳಿದ ಹೊತ್ತು ಚಿತ್ರ ಬರಿ. ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣದ ಹೊತ್ತಿಗೆ ಸಂತೆಯ ಚಿತ್ರಗಳು ಮುಗಿದಿರಲಿ. ಆಮೇಲೆ ಆಕಾಶ ತೆರೆಯುತ್ತದೆ, ಆಗ ಎಷ್ಟು ಬೇಕಾದರೂ ಓಡು.

ಒಂದು ಮಾತು ಮರೆಯಬೇಡ. ನಮ್ಮ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ. ಬಣ್ಣ ಬೇಗ ಆರಲ್ಲ, ಒಂದಕ್ಕೊಂದು ಹರಿದು ಹೋಗುತ್ತದೆ. ಒಂದು ವರ್ಷ ಬೀರುವಿನಲ್ಲಿಟ್ಟ ನನ್ನ ಹನ್ನೊಂದು ಜಲವರ್ಣ ಚಿತ್ರಗಳಿಗೆ ಬೂಷ್ಟು ಹಿಡಿಯಿತು. ತೆಗೆದು ನೋಡಿದರೆ ಆಕಾಶದ ತುಂಬ ಕಂದು ಚುಕ್ಕಿ. ಕೂತು ಅತ್ತುಬಿಟ್ಟೆ. ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಎಣ್ಣೆ ಬಣ್ಣವಾದರೆ ಇನ್ನೂ ಮುಂಚೆ ಮುಗಿಸು. ದಪ್ಪ ಹಚ್ಚಿದ್ದು ಒಣಗಲು ವಾರಗಟ್ಟಲೆ ಬೇಕು. ಗಾಜಿನ ಫ್ರೇಮು ಬಸ್ಸಿಗೆ ಹಾಕಬೇಡ. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಬರೀ ಮೌಂಟ್, ಅಂದರೆ ಚಿತ್ರದ ಸುತ್ತ ದಪ್ಪ ರಟ್ಟು, ಹಾಕಿ ಒಯ್ಯಿ.

– ಕಲಾವಿದೆ, ವಿರಾಜಪೇಟೆ

ಬೆಳಕು ಹರಿಯುವ ಮುಂಚೆ ತೋಟದ ರಸ್ತೆಯಲ್ಲಿ ಓಡಬೇಡಿ. ರಾತ್ರಿ ತೋಟಕ್ಕೆ ಬಂದ ಆನೆಗಳು ವಾಪಸ್ ಹೊರಡುವ ಹೊತ್ತು ಅದು. ಇಯರ್‌ಫೋನ್ ಅಂತೂ ಬೇಡವೇ ಬೇಡ, ಕೊಂಬೆ ಮುರಿಯುವ ಸದ್ದು ಕಿವಿಗೆ ಬೀಳಬೇಕು. ನನ್ನ ತಮ್ಮ ಬದುಕಿದ್ದು ಆ ಸದ್ದು ಕೇಳಿಸಿದ್ದಕ್ಕೆ.

– ಕಾಫಿ ಬೆಳೆಗಾರ, ಸಿದ್ದಾಪುರ

ಕುಶಾಲನಗರದ ಮೇಷ್ಟ್ರು ಏನು ಹೇಳುತ್ತಾರೋ ಗೊತ್ತಿಲ್ಲ, ನಾನಾದರೆ ಹಂಪಿಗೆ ಓಟ ಮುಗಿಸಿಯೇ ಹೋಗುತ್ತೇನೆ. ಮುಂಬೈಯಿಂದ ಬರುವಾಗ ಹುಬ್ಬಳ್ಳಿಯಲ್ಲಿ ಇಳಿದರೆ ಹೊಸಪೇಟೆಗೆ ಬಸ್ಸೂ ಇದೆ, ರೈಲೂ ಇದೆ. ಪೂರ್ತಿ ಮ್ಯಾರಥಾನ್ ಆದ ಮೇಲೆ ಒಂದೆರಡು ವಾರ ಕಾಲಿಗೆ ರಜೆ ಕೊಡಲೇಬೇಕು. ಆ ರಜೆಯಲ್ಲಿ ಸುಮ್ನೆ ಬಂಡೆ ಮೇಲೆ ಕೂತು ಬರೆಯಬಹುದಲ್ಲ! ಮಾತಂಗ ಬೆಟ್ಟ ಮೊದಲ ದಿನವೇ ಹತ್ತಬೇಡಿ. ತುಂಗಭದ್ರೆಯ ದಡದಿಂದಲೇ ವಿರೂಪಾಕ್ಷ ಗೋಪುರ ಕಾಣುತ್ತದೆ, ಸಂಜೆ ಬಿಸಿಲಿಗೆ ನೋಡಿ.

ಸಂತೆಯಲ್ಲಿ ನಿಮ್ಮ ಮಳಿಗೆ ಎಲ್ಲಿ ಸಿಗುತ್ತದೆ ಅಂತ ತಿಳಿಸಿ. ನಾನೂ ಅಕ್ಕನೂ ಬರುತ್ತೇವೆ.

– ಓದುಗಿ, ಗೋಣಿಕೊಪ್ಪ