ಅಪ್‌ಡೇಟ್: ಟೈಪ್ 1 ಇದ್ದರೂ ಟ್ರಾವೆಲ್ ಇನ್ಶೂರೆನ್ಸ್ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಟೈಪ್ 1 ಡಯಾಬಿಟಿಸ್ (ದಿನಾ ಇನ್ಸುಲಿನ್ ತಗೊಳ್ಳಲೇಬೇಕಾದ ಸಕ್ಕರೆ ಕಾಯಿಲೆ) ಅಂದ ಕೂಡಲೇ ಪ್ರೀಮಿಯಂ ಮೂರು ಪಟ್ಟು ಏರುತ್ತಿದೆ, ಏನು ಮಾಡಲಿ ಅಂತ. ಕೊನೆಗೂ ಕೈಗೆಟುಕುವ ಪಾಲಿಸಿ ಸಿಕ್ಕಿತು.

ಫಲ ಕೊಟ್ಟಿದ್ದು 'ಮೊದಲೇ ಕಾಯಿಲೆ ಇರುವವರಿಗೆ ಅಂತಲೇ ಪಾಲಿಸಿ ಕೊಡುವ ಕಡೆ ಫೋನ್ ಮಾಡಿ' ಅನ್ನುವ ಸಲಹೆ. ಆನ್‌ಲೈನ್ ಫಾರ್ಮ್‌ನಲ್ಲಿ ಇದ್ದದ್ದು 'ಡಯಾಬಿಟಿಸ್' ಅನ್ನುವ ಒಂದೇ ಒಂದು ಟಿಕ್. ಫೋನಿನಲ್ಲಿ ಹಾಗಲ್ಲ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಎಷ್ಟು? ಎರಡು ವರ್ಷದಲ್ಲಿ ಆಸ್ಪತ್ರೆಗೆ ಸೇರಿದ್ರಾ? ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆಗಿತ್ತಾ? ಕಣ್ಣು, ಕಿಡ್ನಿ ಹೇಗಿವೆ? ರಿಪೋರ್ಟ್ ಎದುರಿಗೇ ಇಟ್ಟುಕೊಂಡಿದ್ದೆ, ಪಟಪಟ ಓದಿ ಹೇಳಿದೆ. ಪ್ರೀಮಿಯಂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು!

ಕ್ರೆಡಿಟ್ ಕಾರ್ಡ್ ಜೊತೆ ಪುಕ್ಕಟೆ ಬರುವ ಇನ್ಶೂರೆನ್ಸ್ ಮಾತ್ರ ದಂಡ. ನನ್ನ ಕಾರ್ಡಿನದರಲ್ಲಿ ಹಳೇ ಕಾಯಿಲೆಗೆ ಕವರ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. 'ಸುಮ್ನೆ ಹೇಳದೇ ಇದ್ದುಬಿಡಿ' ಅಂದವರೂ ಇದ್ದರು. ಬೇಡಪ್ಪ. ಶುಗರ್ ಇಳಿದು ಆಸ್ಪತ್ರೆ ಸೇರಿದ ದಿನ ಕ್ಲೇಮ್ ತಿರಸ್ಕಾರ ಆದರೆ ಯಾರು ಕಟ್ಟೋದು?

ನಾನು ಊಹಿಸಿರದ ಸಂಗತಿ ಇನ್ನೊಂದು. ಇನ್ಸುಲಿನ್ ಪಂಪ್ (ಮೈಗೆ ಹಾಕಿಕೊಂಡರೆ ಇನ್ಸುಲಿನ್ ಕೊಡುತ್ತಾ ಇರುವ ಪುಟ್ಟ ಯಂತ್ರ) ಕಳೆದರೆ ಅದು ವೈದ್ಯಕೀಯ ಖರ್ಚಲ್ಲವಂತೆ, ಲಗೇಜ್ ಲೆಕ್ಕವಂತೆ! ಅದರಲ್ಲೂ ಒಂದು ವಸ್ತುವಿಗೆ ಇಷ್ಟೇ ಅಂತ ಮಿತಿ ಇದೆ, ಪಂಪಿನ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ. ಸ್ವಲ್ಪ ಹೆಚ್ಚು ಕೊಟ್ಟು ಪಂಪನ್ನು ಬೇರೆಯಾಗಿ ಸೇರಿಸಿಕೊಂಡೆ. ನೀವು ಕೊಳ್ಳುವಾಗ ಇದನ್ನು ಕೇಳಲು ಮರೀಬೇಡಿ.

ಪ್ರಯಾಣದಲ್ಲಿ ಇನ್ಸುಲಿನ್ ಜೊತೆಗಿರಬೇಕು ಅನ್ನುವ ಡಾಕ್ಟರ್ ಪತ್ರವೂ ಬಂತು. ಇನ್ಸುಲಿನ್ ಎಲ್ಲಾ ಕೈಚೀಲದಲ್ಲೇ ಹೋಗುತ್ತೆ, ವಿಮಾನದ ಲಗೇಜ್ ಜಾಗದಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.