ಪದಚರ್ಚೆ: ಡೇಟಾಬೇಸ್ ಸರ್ವರಿನ ‘ಅಪ್‌ಗ್ರೇಡ್’ ನವೀಕರಣವೋ, ಏರಿಕೆಯೋ, ವಲಸೆಯೋ?

ಪ್ರಶ್ನೆ

ಹಳೆಯ ಡೇಟಾಬೇಸ್ ಸರ್ವರುಗಳನ್ನು ಹೊಸ ಆವೃತ್ತಿಗೆ ಒಯ್ಯುವ ಕೆಲಸಕ್ಕೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಎರಡು ಡೇಟಾಬೇಸ್ ತಂತ್ರಾಂಶಗಳು: ಪೋಸ್ಟ್‌ಗ್ರೆಸ್ 12ರಿಂದ 17ಕ್ಕೆ, ಮೈಎಸ್‌ಕ್ಯೂಎಲ್ 5.7ರಿಂದ 8.0 ದಾಟಿ 8.4ಕ್ಕೆ. ಕರಡಿನಲ್ಲಿ ‘ಅಪ್‌ಡೇಟ್’, ‘ಅಪ್‌ಗ್ರೇಡ್’ ಎರಡಕ್ಕೂ ‘ನವೀಕರಣ’ ಎಂದೇ ಇದೆ. ‘ಮೈಗ್ರೇಷನ್’ಗೆ ‘ವಲಸೆ’, ‘ರೋಲ್‌ಬ್ಯಾಕ್’ಗೆ ‘ಹಿಂತೆಗೆತ’, ‘ಅನಲೈಜ್’ಗೆ ‘ವಿಶ್ಲೇಷಣೆ’ ಎಂದು ಬರೆದಿದೆ. ‘ಕೊಲೇಷನ್’ಗೆ (ಪಠ್ಯವನ್ನು ಸಾಲಾಗಿ ಜೋಡಿಸುವ ಕ್ರಮ) ಪದ ಹೊಳೆದಿಲ್ಲ. ‘ಔಟ್‌ಡೇಟೆಡ್’ ಎನ್ನಲು ‘ಹಳೆಯ’ ಸಾಕೇ? ನಡುರಾತ್ರಿ ಕನ್ಸೋಲ್ ಮುಂದೆ ಕೂತವರು ಓದಿ ತಪ್ಪು ಹೆಜ್ಜೆ ಇಡಬಾರದು, ಅಷ್ಟೇ ಬೇಕಿರುವುದು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

‘ನವೀಕರಣ’ದಿಂದಲೇ ಶುರು ಮಾಡೋಣ, ಹೆಚ್ಚು ಅಪಾಯ ಇರುವುದು ಅಲ್ಲೇ. ಪರವಾನಗಿ ನವೀಕರಿಸಿದರೆ ಕೈಯಲ್ಲಿರುವುದು ಅದೇ ಪರವಾನಗಿ, ಅವಧಿ ಮಾತ್ರ ಮುಂದಕ್ಕೆ ಹೋಗಿರುತ್ತದೆ. ಪೋಸ್ಟ್‌ಗ್ರೆಸ್ 12.20ರಿಂದ 12.22ಕ್ಕೆ ಹೋಗುವುದೂ ಹಾಗೆಯೇ. ಸರ್ವರ್ ನಿಲ್ಲಿಸಿ, ಹೊಸ ಬೈನರಿ (ಓಡುವ ಪ್ರೋಗ್ರಾಂ ಕಡತ) ಹಾಕಿ, ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಡೇಟಾ ಡೈರೆಕ್ಟರಿ, ಅಂದರೆ ದತ್ತಾಂಶದ ಕಡತಗಳಿರುವ ಫೋಲ್ಡರ್, ಮೊದಲಿನದೇ. ಆದರೆ 17ರ ಬೈನರಿಗೆ 12ರ ಡೈರೆಕ್ಟರಿಯನ್ನು ತೋರಿಸಿದರೆ ಕಡತಗಳು ಹೊಂದುವುದಿಲ್ಲವೆಂದು ಹೇಳಿ ಸರ್ವರ್ ಏಳುವುದೇ ಇಲ್ಲ. ಇಷ್ಟು ಬೇರೆಯಾದ ಎರಡು ಕೆಲಸಗಳಿಗೆ ಒಂದೇ ಪದ ಇಡಬಾರದು.

ಪುಸ್ತಕಲೋಕದಲ್ಲಿ ಈ ಭೇದ ಹಿಂದಿನಿಂದಲೂ ಇದೆ. ಅಚ್ಚಿನ ತಪ್ಪು ತಿದ್ದಿ ತಂದದ್ದು ಮರುಮುದ್ರಣ, ಪುಟಗಳೇ ಮರುಜೋಡಣೆಯಾದದ್ದು ಪರಿಷ್ಕೃತ ಆವೃತ್ತಿ. ಇದೇ ಜಾಡಿನಲ್ಲಿ ಅಪ್‌ಡೇಟ್‌ಗೆ ‘ನವೀಕರಣ’ವನ್ನೇ ಇಟ್ಟುಕೊಂಡು ಅಪ್‌ಗ್ರೇಡ್‌ಗೆ ‘ಆವೃತ್ತಿ ಏರಿಕೆ’ ಎನ್ನಬಹುದು. ಕ್ರಿಯಾಪದ ‘ಆವೃತ್ತಿ ಏರಿಸು’. ‘ಮೇಲ್ದರ್ಜೆಗೇರಿಸು’ ತಪ್ಪಲ್ಲ, ಆದರೆ ಅದು ದರ್ಜೆಯ ಮಾತು. ಓದುಗರಿಗೆ ದೊಡ್ಡ ಯಂತ್ರ, ಹೆಚ್ಚು ಮೆಮೊರಿ ನೆನಪಾಗುತ್ತದೆ. ‘ಅಪ್‌ಗ್ರೇಡ್’ ಎಂದೇ ಬಿಟ್ಟರೂ ಸರಿ, ‘ನವೀಕರಣ’ ಮಾತ್ರ ಬೇಡ.

ಕೈಪಿಡಿಯಲ್ಲಿ ಎರಡು ಎಚ್ಚರಿಕೆ ಇರಲಿ. ಪೋಸ್ಟ್‌ಗ್ರೆಸ್ 10 ಬರುವ ಮುನ್ನ ಮೊದಲೆರಡು ಅಂಕಿ ಸೇರಿ ಒಂದು ಆವೃತ್ತಿ. ಹಾಗಾಗಿ 9.5ರಿಂದ 9.6 ನೋಡಲು ಚಿಕ್ಕ ಹೆಜ್ಜೆ, ನಿಜದಲ್ಲಿ ಪೂರ್ಣ ಏರಿಕೆ. ಮೈಎಸ್‌ಕ್ಯೂಎಲ್ 8.0ರ ಒಳಗಿನ ನವೀಕರಣವೂ ಏಕಮುಖ. ಕೊನೆಯ ಅಂಕಿ ಮಾತ್ರ ಬದಲಾಗಿದ್ದರೂ ಅದೇ ಡೈರೆಕ್ಟರಿಯೊಂದಿಗೆ ಹಿಂದಿನ ಬಿಡುಗಡೆಗೆ ಇಳಿಯಲು ಬೆಂಬಲವಿಲ್ಲ.

‘ವಲಸೆ’ ತಾನಾಗಿ ಹೋಗುವವರ ಮಾತು, ಹಕ್ಕಿ ಹೋಗುತ್ತದೆ, ಜನ ಹೋಗುತ್ತಾರೆ. ದತ್ತಾಂಶವನ್ನು ಯಾರಾದರೂ ಸಾಗಿಸಬೇಕು. ಅದಕ್ಕಿಂತ ಮುಖ್ಯವಾಗಿ, ಈ ಒಂದು ಪದದ ಕೆಳಗೆ ಮೂರು ದಾರಿಗಳು ಮರೆಯಾಗುತ್ತವೆ, ಮೂರಕ್ಕೂ ಹೆಸರು ಬೇಕು. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಸಾಧನದಿಂದ ಹೊರತೆಗೆದು ಹೊಸ ಸರ್ವರಿಗೆ ತುಂಬುವುದು ‘ತೆಗೆದು ತುಂಬುವುದು’. ಇಲ್ಲಿ ಹೊಸ ಆವೃತ್ತಿಯ ಪಿಜಿ-ಡಂಪ್ ಬಳಸಬೇಕು, ಹಳೆಯದರದ್ದಲ್ಲ. ಅದರದೇ ಇನ್ನೊಂದು ಸಾಧನ ಪಿಜಿ-ಅಪ್‌ಗ್ರೇಡ್‌ನಿಂದ ಕಡತಗಳನ್ನೇ ಹೊಸದಕ್ಕೆ ಒಪ್ಪಿಸುವುದು ‘ಇದ್ದಲ್ಲೇ ಏರಿಸುವುದು’. ಲಾಜಿಕಲ್ ರೆಪ್ಲಿಕೇಷನ್ (ಹಳೆಯದರಲ್ಲಾಗುವ ಬದಲಾವಣೆಗಳನ್ನು ಹೊಸದಕ್ಕೂ ಕಳುಹಿಸುತ್ತಿರುವ ವ್ಯವಸ್ಥೆ) ಇಟ್ಟು, ಹೊಸದು ಹಳೆಯದರ ಸಮಕ್ಕೆ ಬಂದ ಮೇಲೆ ಅಪ್ಲಿಕೇಷನ್ನನ್ನು ಅತ್ತ ತಿರುಗಿಸುವುದು ‘ಜೊತೆಗೆ ಓಡಿಸಿ ಬದಲಿಸುವುದು’. ಈ ಕೊನೆಯದರಲ್ಲಿ ಸೀಕ್ವೆನ್ಸ್‌ಗಳ (ಹೊಸ ದಾಖಲೆಗಳಿಗೆ ಕ್ರಮಸಂಖ್ಯೆ ಕೊಡುವ ಎಣಿಕೆಗಳ) ಬೆಲೆ 17ರಲ್ಲೂ ದಾಟಿ ಬರುವುದಿಲ್ಲ. ಬದಲಿಸುವ ಹೊತ್ತಿಗೆ ಅವನ್ನು ಕೈಯಾರೆ ಮುಂದಕ್ಕೆ ಸರಿಸದಿದ್ದರೆ ಮೊದಲ ಹೊಸ ದಾಖಲೆಯೇ ‘ಈ ಕೀಲಿ ಆಗಲೇ ಇದೆ’ ಎಂಬ ದೋಷ ಕೊಡುತ್ತದೆ.

‘ರೋಲ್‌ಬ್ಯಾಕ್’ಗೆ ಹೊಸ ಪದ ಹುಡುಕುವ ಮೊದಲು ಒಂದು ಮಾತು. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಅದು ಒಂದು ವ್ಯವಹಾರವನ್ನು (ಟ್ರಾನ್ಸಾಕ್ಷನ್) ರದ್ದುಮಾಡುವ ಆಜ್ಞೆ. ಏರಿಕೆ ಕೆಟ್ಟಾಗ ಮಾಡುವುದನ್ನೂ ಅದೇ ಹೆಸರಿನಿಂದ ಕರೆದರೆ, ಒಂದು ಆಜ್ಞೆ ಒತ್ತಿದರೆ ಎಲ್ಲ ಮೊದಲಿನಂತಾಗುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ‘ಹಳೆಯದಕ್ಕೆ ಮರಳುವುದು’ ಎನ್ನಿ. ಜೊತೆಗೆ ‘ಮರಳುವ ಗಡಿ’ ಎಂಬ ಮಾತನ್ನು ತನ್ನಿ, ಅದು ಇಲ್ಲದೆ ಯೋಜನೆ ಪೂರ್ಣವಲ್ಲ. ಪಿಜಿ-ಅಪ್‌ಗ್ರೇಡ್ ನಕಲು ಮಾಡಿಕೊಂಡು ನಡೆದರೆ ಹಳೆಯ ಡೈರೆಕ್ಟರಿ ಹಾಗೇ ಉಳಿಯುತ್ತದೆ. ಜಾಗ ಮಾತ್ರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಲಿಂಕ್ ವಿಧಾನದಲ್ಲಿ ಎರಡೂ ಸರ್ವರುಗಳು ಒಂದೇ ಕಡತಗಳನ್ನು ಹಂಚಿಕೊಂಡಿರುತ್ತವೆ, ಹಾಗಾಗಿ ಹೊಸದನ್ನು ಒಮ್ಮೆ ಶುರು ಮಾಡಿದ ಕ್ಷಣವೇ ಗಡಿ ದಾಟಿದಂತೆ. ಆಮೇಲೆ ಉಳಿಯುವುದು ಬ್ಯಾಕಪ್ ಒಂದೇ. ಆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತುಂಬಿ ನೋಡಿರಬೇಕು, ಕಡತ ಕಣ್ಣಿಗೆ ಕಂಡರೆ ಸಾಲದು.

‘ಕೊಲೇಷನ್’ಗೆ ‘ಅಕಾರಾದಿ ಕ್ರಮ’ ಎನ್ನುವುದೇ ಮೇಲು, ನಿಘಂಟು ತಿರುವಿದ ಯಾರಿಗೂ ಅದು ಗೊತ್ತು. ಅಂಕಿ, ಚಿಹ್ನೆಗಳೂ ಸೇರುತ್ತವೆ ಎಂದು ಒಮ್ಮೆ ಹೇಳಿದರಾಯಿತು. ನಿಘಂಟಿನಲ್ಲಿ ಅನುಸ್ವಾರದ ಜಾಗ ಬದಲಾಯಿತು, ಪದಗಳನ್ನು ಮಾತ್ರ ಮರುಜೋಡಿಸಿಲ್ಲ ಎಂದುಕೊಳ್ಳಿ. ಪದ ಪುಸ್ತಕದಲ್ಲಿದ್ದರೂ ಹುಡುಕಿದ ಪುಟದಲ್ಲಿ ಸಿಗುವುದಿಲ್ಲ. ಸರ್ವರಿನಲ್ಲೂ ಆಗುವುದು ಇದೇ. ಲಿನಕ್ಸಿನಲ್ಲಿ ಈ ಕ್ರಮವನ್ನು ಒದಗಿಸುವ ಮೂಲ ಲೈಬ್ರರಿ ಜಿಲಿಬ್‌ಸಿ; 2018ರ ಅದರ 2.28 ಆವೃತ್ತಿ ಈ ಕ್ರಮವನ್ನು ಬದಲಿಸಿತು. ಅಮೆರಿಕನ್ ಇಂಗ್ಲಿಷ್ ಲೊಕೇಲಿನಲ್ಲಿ (ಭಾಷೆ-ಪ್ರದೇಶದ ಹೊಂದಿಕೆಯಲ್ಲಿ) ಮೊದಲು ‘11’ ಆದ ಮೇಲೆ ‘1-1’ ಬರುತ್ತಿತ್ತು, ಈಗ ‘1-1’ ಮೊದಲು. ಏರಿಕೆಯ ನೆಪದಲ್ಲಿ ಆಪರೇಟಿಂಗ್ ಸಿಸ್ಟಮ್ಮನ್ನೂ ಬದಲಿಸಿ ಡೇಟಾ ಡೈರೆಕ್ಟರಿಯನ್ನು ಹಾಗೇ ಹೊತ್ತು ತಂದರೆ, ಪಠ್ಯದ ಇಂಡೆಕ್ಸುಗಳು (ಬೇಗ ಹುಡುಕಲು ಇಟ್ಟ ಸೂಚಿಗಳು) ಹಳೆಯ ಕ್ರಮದಲ್ಲೇ ಕೂತಿರುತ್ತವೆ. ಇರುವ ದಾಖಲೆ ಹುಡುಕಿದರೆ ಸಿಗದು, ಒಂದೇ ಇರಬೇಕಾದ ಬೆಲೆ ಎರಡು ಸಲ ಸೇರಿಕೊಳ್ಳಬಹುದು. ದೋಷಸಂದೇಶ ಬರದೆಯೂ ಇರಬಹುದು. ರೀಇಂಡೆಕ್ಸ್ ಮಾಡಿ ಅವನ್ನು ಮತ್ತೆ ಕಟ್ಟಲೇಬೇಕು. ತೆಗೆದು ತುಂಬಿದರೆ ಇಂಡೆಕ್ಸುಗಳು ಹೊಸದಾಗಿ ಕಟ್ಟಲ್ಪಡುವುದರಿಂದ ಈ ತೊಂದರೆಯಿಲ್ಲ.

‘ವಿಶ್ಲೇಷಣೆ’ ಎಂದರೆ ಪುರುಸೊತ್ತಾದಾಗ ಓದುವ ವರದಿ ಅನ್ನಿಸುತ್ತದೆ. ಪಿಜಿ-ಅಪ್‌ಗ್ರೇಡ್ ಆದ ಮೇಲೆ 17ರಲ್ಲಿ ಪ್ಲಾನರಿನ (ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಆರಿಸುವ ಭಾಗದ) ಅಂಕಿಅಂಶಗಳು ಖಾಲಿ. (18ರಿಂದ ಅವುಗಳಲ್ಲಿ ಬಹುಪಾಲು ಜೊತೆಗೇ ಬರುತ್ತವೆ.) ಅವನ್ನು ತುಂಬುವ ಅನಲೈಜ್ ಆಜ್ಞೆ ಓಡಿಸದೆ ಬಾಗಿಲು ತೆರೆದರೆ ನಿನ್ನೆ ಚಿಟಿಕೆಯಲ್ಲಿ ಬರುತ್ತಿದ್ದ ಉತ್ತರಕ್ಕೆ ನಿಮಿಷಗಟ್ಟಲೆ ಕಾಯಬೇಕಾಗಬಹುದು. ‘ಅಂಕಿಅಂಶ ಹೊಸದಾಗಿ ಸಂಗ್ರಹಿಸಿ’ ಎಂದು ಆಜ್ಞಾರೂಪದಲ್ಲೇ ಬರೆಯಿರಿ.

‘ಹಳೆಯ’ ಸಾಲದು. 14 ಕೂಡ 17ಕ್ಕಿಂತ ಹಳೆಯದೇ. ‘ಬೆಂಬಲ ಮುಗಿದ’ ಎಂದು ಬರೆದು ತಿಂಗಳನ್ನೂ ಸೇರಿಸಿ: ಪೋಸ್ಟ್‌ಗ್ರೆಸ್ 12ಕ್ಕೆ ನವೆಂಬರ್ 2024, ಮೈಎಸ್‌ಕ್ಯೂಎಲ್ 5.7ಕ್ಕೆ ಅಕ್ಟೋಬರ್ 2023.

ಉತ್ತರ 2

ಮೇಲಿನದಕ್ಕೆ ಪೂರ್ಣ ಒಪ್ಪಿಗೆ. ಕೇಳದೇ ಉಳಿದ ಒಂದು ಪದವಿದೆ: ‘ಕ್ಯಾರೆಕ್ಟರ್’. ಕರಡಿನಲ್ಲಿ ಅದು ‘ಅಕ್ಷರ’ ಆಗಿದ್ದರೆ ತಿದ್ದಿ. ‘ಕ್ಷಿ’ ನಮಗೆ ಒಂದೇ ಅಕ್ಷರ. ಡೇಟಾಬೇಸಿಗೆ ಅದು ಕ, ವಿರಾಮ, ಷ, ಇಕಾರದ ಗುಡಿಸು ಹೀಗೆ ನಾಲ್ಕು, ಬೈಟ್ ಲೆಕ್ಕದಲ್ಲಿ 12. ಇಪ್ಪತ್ತರ ವಾರ್‌ಚಾರ್ (ಪಠ್ಯದ) ಅಂಕಣದಲ್ಲಿ ಇಪ್ಪತ್ತು ಕನ್ನಡ ಅಕ್ಷರ ಹಿಡಿಸುತ್ತದೆ ಎಂದು ನಂಬಿದರೆ ಹೆಸರು ಅರ್ಧಕ್ಕೇ ನಿಲ್ಲಬಹುದು, ಇಲ್ಲವೇ ದೋಷ ಬರಬಹುದು. ‘ಸಂಕೇತ’ ಎನ್ನುವುದು ಒಳ್ಳೆಯದು.

ಮೈಎಸ್‌ಕ್ಯೂಎಲ್ ಏರಿಕೆಯಲ್ಲಿ ಇದು ಕೈಗೇ ತಗಲುತ್ತದೆ. ಅಲ್ಲಿ ಹಿಂದಿನಿಂದ ‘ಯುಟಿಎಫ್8’ (ಪಠ್ಯವನ್ನು ಬೈಟುಗಳಾಗಿ ಬರೆಯುವ ಒಂದು ವಿಧಾನ) ಎಂದರೆ ಸಂಕೇತಕ್ಕೆ ಹೆಚ್ಚೆಂದರೆ ಮೂರು ಬೈಟ್. ಕನ್ನಡ ಅದರಲ್ಲಿ ಹಿಡಿಸುತ್ತದೆ, ಎಮೋಜಿ ಹಿಡಿಸುವುದಿಲ್ಲ. ನಾಲ್ಕು ಬೈಟಿನ ‘ಯುಟಿಎಫ್8ಎಂಬಿ4’ಗೆ ಬದಲಿಸುವಾಗ, ಸಾಲುಗಳನ್ನು ಕಾಂಪ್ಯಾಕ್ಟ್ ಮಾದರಿಯಲ್ಲಿ ಇಡುವ ಹಳೆಯ ಟೇಬಲ್ಲುಗಳಲ್ಲಿ 255 ಉದ್ದದ ಅಂಕಣದ ಇಂಡೆಕ್ಸ್ 765 ಬೈಟಿನಿಂದ 1020ಕ್ಕೆ ಏರಿ 767ರ ಮಿತಿ ಮೀರುತ್ತದೆ. ಮೊದಲು ಟೇಬಲ್ಲನ್ನು ಡೈನಾಮಿಕ್ ಮಾದರಿಗೆ ತನ್ನಿ, ಅಲ್ಲಿ ಮಿತಿ 3072.

5.7ರಲ್ಲಿ ಬೇರೆ ಹೇಳದಿದ್ದರೆ ಪಠ್ಯದ ವಿಧಾನ ಲ್ಯಾಟಿನ್1, ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ್ದು. ಅಂಥ ಅಂಕಣದಲ್ಲಿ ಕನ್ನಡದ ಬೈಟುಗಳು ಹಾಗೇ ಸೇರಿಕೊಂಡಿರುವುದುಂಟು. ಹಳೆಯ ಅಪ್ಲಿಕೇಷನ್ನಿನಲ್ಲಿ ಸರಿಯಾಗಿ ಕಾಣುತ್ತದೆ, ನೇರವಾಗಿ ಪರಿವರ್ತಿಸಿದರೆ ಪ್ರತಿ ‘ಕ’ ಮೂರು ಅಪರಿಚಿತ ಚಿಹ್ನೆಗಳಾಗಿ ಒಡೆಯುತ್ತದೆ. ಅಂಕಣವನ್ನು ಮೊದಲು ವಾರ್‌ಬೈನರಿ (ಬರಿಯ ಬೈಟುಗಳ ಅಂಕಣ) ಮಾಡಿ, ಅಲ್ಲಿಂದ ಯುಟಿಎಫ್8ಎಂಬಿ4ಗೆ ತರಬೇಕು. ಪತ್ತೆಗೆ ಸುಲಭ ದಾರಿಯಿದೆ. ಒಂದೇ ‘ಕ’ ಇರುವ ದಾಖಲೆಯ ಮೇಲೆ ಸಂಕೇತಗಳನ್ನು ಎಣಿಸುವ ಕ್ಯಾರ್-ಲೆಂಗ್ತ್ ಓಡಿಸಿ. 1 ಬಂದರೆ ಅಂಕಣ ಸರಿಯಿದೆ, 3 ಬಂದರೆ ಏರಿಕೆಯ ದಿನಾಂಕ ಮುಂದೂಡಿ ಮೊದಲು ಇದನ್ನು ಸರಿಮಾಡಿ.